ಲೈಬ್ರರಿ ಕ್ಯಾಟಲಾಗ್‌ನಲ್ಲಿ ಚಿನ್ನ ಹುಡುಕುವುದು ಹೇಗೆ? ಕೆಜಿಎಫ್ ಪುಸ್ತಕ ಎಲ್ಲಿ ಅಡಗಿರುತ್ತದೆ?

ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಲ್ಲಿ ದುಡಿದವರ ಮೊಮ್ಮಕ್ಕಳಲ್ಲಿ ಯಾರಾದರೂ ಇಂದು ಲೈಬ್ರರಿಯ ಕಂಪ್ಯೂಟರ್ ಮುಂದೆ ಕುಳಿತು ಇಂಗ್ಲಿಷ್‌ನಲ್ಲಿ 'ಗೋಲ್ಡ್' ಎಂದು ಟೈಪ್ ಮಾಡಿದರೆ ಒಡವೆ, ನಾಣ್ಯ, ಹೂಡಿಕೆ ಎಲ್ಲವೂ ಒಟ್ಟಿಗೆ ಬಂದು ಬೀಳುತ್ತವೆ. ಅಕ್ಷರಕ್ರಮದಲ್ಲಿ ಕೆಳಗೆ ಹೋದರೆ ಗೋಲ್ಡ್‌ಫಿಶ್ ಕೂಡ ಸಿಗುತ್ತದೆ. ಅಜ್ಜನ ಗಣಿ ಮಾತ್ರ ಸಿಗುವುದಿಲ್ಲ.

ಇದಕ್ಕೆ ಪರಿಹಾರ 'ವಿಷಯ ಶೀರ್ಷಿಕೆ', ಅಂದರೆ ಸಬ್ಜೆಕ್ಟ್ ಹೆಡಿಂಗ್. ಪುಸ್ತಕದ ಹೆಸರು ಏನೇ ಇರಲಿ, ಅದು ಯಾವುದರ ಬಗ್ಗೆ ಎಂಬುದನ್ನು ಗ್ರಂಥಪಾಲಕರು ನಿಗದಿತ ಪದಗಳಲ್ಲಿ ದಾಖಲಿಸುತ್ತಾರೆ. ಅನೇಕ ಗ್ರಂಥಾಲಯಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಪಟ್ಟಿಯನ್ನೇ ಬಳಸುತ್ತವೆ. ಅದರಲ್ಲಿ ಗಣಿಗೆ 'ಗೋಲ್ಡ್ ಮೈನ್ಸ್ ಆ್ಯಂಡ್ ಮೈನಿಂಗ್', ಕಾರ್ಮಿಕರಿಗೆ 'ಗೋಲ್ಡ್ ಮೈನರ್ಸ್', ಅಕ್ಕಸಾಲಿಗರಿಗೆ 'ಗೋಲ್ಡ್‌ಸ್ಮಿತ್ಸ್', ಹಣದ ವ್ಯವಸ್ಥೆಗೆ 'ಗೋಲ್ಡ್ ಸ್ಟ್ಯಾಂಡರ್ಡ್'. ಆಭರಣಕ್ಕೆ ಅಮೆರಿಕನ್ ಕಾಗುಣಿತವನ್ನೇ ಹಾಕಬೇಕು, ನಮ್ಮ ಅಂಗಡಿ ಬೋರ್ಡಿನ 'ಜ್ಯುವೆಲ್ಲರಿ' ಕಾಗುಣಿತ ಅಲ್ಲಿ ನಡೆಯುವುದಿಲ್ಲ.

ಕಪಾಟಿನಲ್ಲೂ ಚಿನ್ನ ಒಂದೇ ಕಡೆ ಇರುವುದಿಲ್ಲ. ಡ್ಯೂಯಿ ಪದ್ಧತಿಯಲ್ಲಿ ಗಣಿಗಾರಿಕೆ 622.3422, ಲೋಹಶಾಸ್ತ್ರ 669.22, ಚಿನ್ನದ ಕುಸುರಿ ಕೆಲಸ 739.22. ಹಣಕಾಸು ಇನ್ನೂ ದೂರ, 332ರಲ್ಲಿ.

ಕೆಜಿಎಫ್ ವಿಷಯದಲ್ಲಿ ಕಷ್ಟ ಇನ್ನೂ ಹೆಚ್ಚು. 1965ರಲ್ಲಿ ಆ ಗಣಿಯ ಆಳದಲ್ಲಿ ವಾತಾವರಣದ ನ್ಯೂಟ್ರಿನೊಗಳು ಪತ್ತೆಯಾದವು. ಆ ಕಥೆ ಭೌತವಿಜ್ಞಾನದ ಕಪಾಟಿನಲ್ಲಿರುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಬಂದ ಕರೆಂಟಿನ ಕಥೆಗೆ ವಿದ್ಯುತ್ ವಿಭಾಗ ನೋಡಬೇಕು. ಕಾರ್ಮಿಕರ ಬದುಕಿನ ಬಗ್ಗೆ ಇತಿಹಾಸಕಾರ್ತಿ ಜಾನಕಿ ನಾಯರ್ ಬರೆದ 'ಮೈನರ್ಸ್ ಆ್ಯಂಡ್ ಮಿಲ್‌ಹ್ಯಾಂಡ್ಸ್' (1998) ಹೆಸರಲ್ಲಿ ಚಿನ್ನದ ಸುಳಿವೇ ಇಲ್ಲ! ಇಂಥ ಒಂದು ಪುಸ್ತಕ ಸಿಕ್ಕರೆ ಅದರ ದಾಖಲೆಯಲ್ಲಿರುವ ವಿಷಯ ಶೀರ್ಷಿಕೆಗಳ ಮೇಲೆ ಕ್ಲಿಕ್ ಮಾಡಿ. ಅದೇ ವಿಷಯದ ಉಳಿದ ಪುಸ್ತಕಗಳು ಸಾಲಾಗಿ ಬರುತ್ತವೆ. ಹುಡುಕಾಟದಲ್ಲಿ ಇದಕ್ಕಿಂತ ಉತ್ತಮ ದಾರಿ ಇಲ್ಲ.

ಕನ್ನಡ ಪುಸ್ತಕ ಬೇಕಿದ್ದರೆ ಇನ್ನೊಂದು ತೊಡಕಿದೆ. ಲೈಬ್ರರಿ ಆಫ್ ಕಾಂಗ್ರೆಸ್ ಮಾದರಿಯ ರೋಮನ್ ಲಿಪ್ಯಂತರದಲ್ಲಿ 'ಚ' ಅಕ್ಷರಕ್ಕೆ ಬರೀ 'ಸಿ', 'ಎಚ್' ಸೇರುವುದಿಲ್ಲ. ನಾವು ವಾಟ್ಸ್ಆ್ಯಪ್‌ನಲ್ಲಿ 'ಸಿಎಚ್' ಹಾಕಿ ಬರೆಯುವ 'ಚಿನ್ನ' ಅಲ್ಲಿ ಶೂನ್ಯ ಫಲಿತಾಂಶ ಕೊಡಬಹುದು. 'ಎಚ್' ಬಿಟ್ಟು ಹುಡುಕಿ, 'ಬಂಗಾರ' ಪದವನ್ನೂ ಹಾಕಿ ನೋಡಿ.

ಹೊರರಾಜ್ಯದ ಕನ್ನಡಿಗರು ಇದಕ್ಕಾಗಿ ಬೆಂಗಳೂರಿಗೇ ಹೋಗಬೇಕೆಂದಿಲ್ಲ. 1954ರ ಪುಸ್ತಕ ವಿತರಣಾ ಕಾಯ್ದೆಯಂತೆ ಪ್ರಕಾಶಕರು ಹೊಸ ಪುಸ್ತಕದ ಪ್ರತಿಯನ್ನು ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನೆಮರಾ, ಮುಂಬೈನ ಸೆಂಟ್ರಲ್ ಲೈಬ್ರರಿ ಹಾಗೂ ದೆಹಲಿ ಪಬ್ಲಿಕ್ ಲೈಬ್ರರಿಗೆ ಕಳುಹಿಸಬೇಕು. ಎಲ್ಲರೂ ಕಳುಹಿಸುತ್ತಾರೆ ಎನ್ನುವಂತಿಲ್ಲ, ಆದ್ದರಿಂದ ಹೊರಡುವ ಮೊದಲು ಕ್ಯಾಟಲಾಗ್ ನೋಡಿಕೊಂಡು ಕರೆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.