ಚಿಪ್ಪಿನೊಳಗಿದ್ದ ಉತ್ತರ

ಸುಶಿಗೆ ಸುತ್ತುವ ಕಪ್ಪು ಹಾಳೆ 'ನೋರಿ' ಎಂಬ ಕಡಲಪಾಚಿ. ಅದರ ಕೃಷಿ ಇಂಗ್ಲೆಂಡಿನ ಕ್ಯಾಥ್ಲೀನ್ ಡ್ರೂ-ಬೇಕರ್ (1901-1957) ಅವರಿಗೆ ಋಣಿ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

1928ರಲ್ಲಿ ಮದುವೆಯಾದದ್ದೇ ತಪ್ಪಾಗಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಅಧ್ಯಾಪಕಿ ಹುದ್ದೆ ಹೋಯಿತು. ವಿವಾಹಿತೆಯರಿಗೆ ಅಲ್ಲಿ ಕೆಲಸವಿರಲಿಲ್ಲ. ಆಕೆ ಗೌರವ ಸಂಶೋಧಕಿಯಾಗಿ ಮುಂದುವರಿದರು. ಬೇರೆಯೇ ಜೀವಿಯೆಂದು ಎಲ್ಲರೂ ಎಣಿಸಿದ್ದ, ಚಿಪ್ಪುಗಳಲ್ಲಿ ಬೆಳೆಯುವ ನಸುಗೆಂಪು ಎಳೆಗಳು ನೋರಿಯ ಬಳಗದ ಪಾಚಿಯದೇ ಇನ್ನೊಂದು ಅವಸ್ಥೆ ಎಂದು 1949ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿದರು. ಅದುವರೆಗೆ ಅದೃಷ್ಟವನ್ನೇ ನಂಬಿದ್ದ ಜಪಾನಿನ ಬೆಳೆಗಾರರು ಚಿಪ್ಪುಗಳಲ್ಲಿ ನೋರಿಯ ಬಿತ್ತನೆ ಬೆಳೆಸತೊಡಗಿದರು.

ಆಕೆ ಜಪಾನನ್ನು ನೋಡಲೇ ಇಲ್ಲ. 1963ರಲ್ಲಿ ಉಟೋ ಎಂಬಲ್ಲಿ ಆಕೆಗೆ ಸ್ಮಾರಕ ಎದ್ದಿತು.

ವೀಸಾ ನಿಯಮದಿಂದಾಗಿ ಕಲಿತ ಕೆಲಸ ಬಿಟ್ಟು ಕೂತವರು ನಮ್ಮ ಕೂಟದಲ್ಲೂ ಇದ್ದಾರೆ. ಅವರನ್ನು ನೆನೆದೇ ಇದನ್ನು ಬರೆದೆವು.