ಮರಳಿನ ಮೇಲೆ ಅಕ್ಷರಾಭ್ಯಾಸ

ಕಾಗದವು ಸುಲಭವಾಗಿ ದೊರೆಯದಿದ್ದ ಕಾಲದಲ್ಲಿ ಕನ್ನಡ ನಾಡಿನ ಮಕ್ಕಳು ಅಕ್ಷರ ಕಲಿತದ್ದು ಮರಳಿನ ಮೇಲೆ. ಊರ ದೇಗುಲದ ಮೊಗಸಾಲೆಯಲ್ಲಿಯೋ ಅನುಕೂಲಸ್ಥನೊಬ್ಬನ ಮನೆಯ ಜಗಲಿಯ ಮೇಲೆಯೋ ಐಗಳು ಮಠ ನಡೆಸುತ್ತಿದ್ದರು; ಕೂಲಿಮಠಗಳೆಂದು ಇವಕ್ಕೆ ಹೆಸರು. ಅಲ್ಲಿ ನೆಲದ ಮೇಲೆ ನುಣ್ಣನೆಯ ಮರಳನ್ನು ಹರವಿ ಬೆರಳಿನಿಂದ ಅಕ್ಷರ ತಿದ್ದಿಸುವುದು ವಾಡಿಕೆ. ಇದು ಬಡವರ ಉಪಾಯವಲ್ಲದೆ ಬೇರೇನೂ ಅಲ್ಲವೆಂದು ತಳ್ಳಿಬಿಡುವವರುಂಟು. ಕಣ್ಣಾರೆ ಕಂಡ ಪರದೇಶೀಯರು ಮಾತ್ರ ಹಾಗೆ ತಿಳಿಯಲಿಲ್ಲ.

1623ನೆಯ ಇಸವಿಯ ನವೆಂಬರಿನಲ್ಲಿ ರೋಮಾಪುರಿಯ ಪಿಯೆತ್ರೊ ದೆಲ್ಲ ವಾಲ್ಲೆ ಎಂಬ ಯಾತ್ರಿಕನು ಗೋವೆಯ ಪೋರ್ತುಗೀಜ್ ರಾಯಭಾರಿಯೊಡನೆ ಇಕ್ಕೇರಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೊರಟಿದ್ದನು. ಗೇರಸೊಪ್ಪೆಯಿಂದ ಘಟ್ಟವನ್ನೇರಿ ಬಂದು, ಹೊರೆಗಳನ್ನು ಸಜ್ಜುಗೊಳಿಸುವವರೆಗೆ ಒಂದು ದೇಗುಲದ ಮೊಗಸಾಲೆಯಲ್ಲಿ ಕಾಲ ಕಳೆಯುತ್ತಿದ್ದಾಗ ನಾಲ್ವರು ಹುಡುಗರು ಅವನ ಕಣ್ಣಿಗೆ ಬಿದ್ದರು. ಅವರಲ್ಲೊಬ್ಬನು ಮಗ್ಗಿಯ ಒಂದು ಸಾಲನ್ನು ರಾಗವಾಗಿ ಹಾಡುತ್ತ ಆ ಅಂಕಿಯನ್ನೇ ಮರಳಿನಲ್ಲಿ ಬೆರಳಿನಿಂದ ಬರೆಯುವನು. ಉಳಿದ ಮೂವರೂ ಒಟ್ಟಾಗಿ ಹಾಗೆಯೇ ಹಾಡಿ ಬರೆಯುವರು. ನೆಲವೆಲ್ಲ ಅಂಕಿಗಳಿಂದ ತುಂಬಿದೊಡನೆ ಅಂಗೈಯಿಂದ ಅಳಿಸಿ, ಬೇಕಾದರೆ ಪಕ್ಕದ ಗುಪ್ಪೆಯಿಂದ ಹೊಸ ಮರಳನ್ನು ಎರಚಿಕೊಳ್ಳುವರು. ಓದುಬರಹವನ್ನೂ ಹೀಗೆಯೇ ಕಲಿಯುವೆವೆಂದು ಅವರು ಹೇಳಿದರು. ಗುರುವು ಹತ್ತಿರದಲ್ಲಿರಲಿಲ್ಲ. ತಪ್ಪಿದರೆ ತಿದ್ದುವವರು ಯಾರೆಂದು ಯಾತ್ರಿಕನು ಕೇಳಲು, ನಾಲ್ವರೂ ಒಂದೇ ಎಡೆಯಲ್ಲಿ ತಪ್ಪುವುದು ಸಾಧ್ಯವಿಲ್ಲ, ಒಬ್ಬನು ಎಡವಿದರೆ ಉಳಿದವರು ತಿದ್ದುವರು, ಅದಕ್ಕಾಗಿಯೇ ಕೂಡಿ ಅಭ್ಯಾಸ ಮಾಡುವೆವು ಎಂದರಂತೆ. ಬರೆದ ಅಕ್ಷರದ ಮೇಲೆ ಕೈಯಾಡಿಸುವುದಕ್ಕೂ ತಪ್ಪನ್ನು ಸರಿಪಡಿಸುವುದಕ್ಕೂ ಕನ್ನಡದಲ್ಲಿ ತಿದ್ದುವುದೆಂಬ ಒಂದೇ ಮಾತು ಸಲ್ಲುತ್ತದೆ. ಆ ಹುಡುಗರ ಮರಳಿನಲ್ಲಿ ಎರಡು ಅರ್ಥಗಳೂ ಒಂದಾಗಿದ್ದವು.

ಈ ಮರಳು ಮುಂದೆ ಸಮುದ್ರವನ್ನೂ ದಾಟಿತು. 1789ರಲ್ಲಿ ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಬಾಲಕರಿಗಾಗಿ ತೆರೆದ ಆಶ್ರಮದ ಮೇಲ್ವಿಚಾರಣೆ ಆಂಡ್ರೂ ಬೆಲ್ ಎಂಬ ಪಾದ್ರಿಯ ಪಾಲಿಗೆ ಬಂದಿತು. ಹತ್ತಿರದ ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ಆತನು ತನ್ನಲ್ಲಿಯೂ ಅದನ್ನೇ ಹೂಡಲೆಳಸಿದನು. ಉಪಾಧ್ಯಾಯರಿಗೆ ಇದು ರುಚಿಸದಿರಲು, ಜಾನ್ ಫ್ರಿಸ್ಕೆನ್ ಎಂಬ ಪುಟ್ಟ ಬಾಲಕನಿಗೇ ಕಿರಿಯರ ವರ್ಗವನ್ನು ಒಪ್ಪಿಸಿದನು. 1797ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಬೆಲ್ಲನ ಪುಸ್ತಕದಿಂದ ಈ ಪದ್ಧತಿ ಹರಡಿತು. ಜೋಸೆಫ್ ಲ್ಯಾಂಕಾಸ್ಟರನ ಶಾಲೆಯಲ್ಲಿಯೂ ಬಡಮಕ್ಕಳು ಮೇಜಿನ ಮೇಲೆ ಹರವಿದ ಮರಳಿನಲ್ಲಿ ಬರೆದರು. ಆದರೆ ಅಲ್ಲಿಯವರನ್ನು ಮುಖ್ಯವಾಗಿ ಸೆಳೆದದ್ದು ಖರ್ಚಿನ ಉಳಿತಾಯ. ಒಬ್ಬ ಗುರುವಿನ ಕೈಕೆಳಗೆ ನೂರಾರು ಮಕ್ಕಳನ್ನು ಕೂರಿಸಿದ ಆ ಶಾಲೆಗಳಿಗೂ ಘಟ್ಟದ ಮೇಲಿನ ನಾಲ್ವರ ಕೂಟಕ್ಕೂ ಬಹಳ ಅಂತರ.

ಕನ್ನಡ ಮಠಗಳ ಒಳಗನ್ನು ಹೆಚ್ಚು ವಿವರವಾಗಿ ತೋರಿಸಿದವನು ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್. 1823ರ ಆಗಸ್ಟಿನ ಅವನ ವರದಿಯಂತೆ, ಐದರ ಪ್ರಾಯದ ಮಗುವನ್ನು ಗಣಪತಿಯ ಮುಂದೆ ಕುಳ್ಳಿರಿಸಿ, ಐಗಳು ಕೈಹಿಡಿದು ಅಕ್ಕಿಯಲ್ಲಿ ದೇವರ ನಾಮವನ್ನು ಬರೆಯಿಸುತ್ತಿದ್ದರು. ಮುಂಜಾನೆ ಮಠಕ್ಕೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ. ಮೂರನೆಯವನಿಂದ ಮುಂದಕ್ಕೆ ಏರುತ್ತ ಹೋಗುವ ಛಡಿಯೇಟು! ಅಕ್ಷರಮಾಲೆಯನ್ನು ಬಾಯಿಂದ ಒಪ್ಪಿಸುವುದಕ್ಕೆ ಮುಂಚೆ ಮರಳಿನಲ್ಲಿ ಬರೆದೇ ಅಕ್ಷರವನ್ನು ಅರಿಯುವುದು ಇಲ್ಲಿಯ ವಿಶೇಷವೆಂದು ಅವನು ಗುರುತಿಸಿದನು. ಬೆರಳು ಪಳಗಿದ ಮೇಲೆ ಓಲೆಗೆ ಕಂಠ, ಕಾಗದಕ್ಕೆ ಲೇಖನಿ, ಹಲಗೆಗೂ ಕಡತಕ್ಕೂ ಬಳಪ. ಗಂಜಿಯಿಂದ ಬಿರುಸುಗೊಳಿಸಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟುಗಳ ಲೇಪ ಕೊಟ್ಟರೆ ಕಡತವಾಯಿತು. ಒದ್ದೆಬಟ್ಟೆಯಿಂದ ಒರಸಿದರೆ ಮತ್ತೆ ಬರೆಯಲು ಸಿದ್ಧ. ಈ ಮಿತವ್ಯಯವೂ, ಮುಂದಿನವರು ಹಿಂದಿನವರಿಗೆ ಕಲಿಸುವ ರೀತಿಯೂ ಇಂಗ್ಲೆಂಡಿನ ಅನುಕರಣೆಗೆ ತಕ್ಕವೇ ಆಗಿದ್ದುವೆಂದು ಅವನು ಮುಕ್ತಕಂಠದಿಂದ ಒಪ್ಪಿಕೊಂಡಿದ್ದಾನೆ.

ಕುಂದನ್ನೂ ಅವನು ಮರೆಮಾಚಲಿಲ್ಲ. ಓದಿಸುತ್ತಿದ್ದ ಕಾವ್ಯಗಳ ಭಾಷೆ ಆಡುಮಾತಿಗೆ ದೂರವಾಗಿ, ಮಕ್ಕಳು ಅರ್ಥವರಿಯದೆ ಗಿಳಿಯಂತೆ ಒಪ್ಪಿಸುತ್ತಿದ್ದರು. ಈ ಆಕ್ಷೇಪಣೆ ನ್ಯಾಯವಾದುದೇ. ಅಕ್ಷರದಲ್ಲಿ ತೋರಿದ ಜಾಣ್ಮೆಯನ್ನು ಆ ಮಠಗಳು ಅರ್ಥದಲ್ಲಿ ತೋರಲಿಲ್ಲ. ಹುಡುಗಿಯರಿಗಂತೂ ಅಲ್ಲಿ ಎಡೆಯೇ ಇಲ್ಲವೆನ್ನಬೇಕು: ಅಂದಿನ ಬಳ್ಳಾರಿ ಜಿಲ್ಲೆಯ 533 ಶಾಲೆಗಳಲ್ಲಿ ಓದುತ್ತಿದ್ದ 6,641 ಮಕ್ಕಳಲ್ಲಿ ಹುಡುಗಿಯರು 60 ಮಂದಿ.

ಆ ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಒಂದಕ್ಕಾದರೂ ಸರಕಾರದ ನೆರವಿರಲಿಲ್ಲ. ಇದನ್ನು ಬರೆಯಲು ತನಗೆ ನಾಚಿಕೆಯಾಗುತ್ತದೆಂದು ಕಲೆಕ್ಟರನೇ ಹೇಳಿದ್ದಾನೆ. ಹಿಂದೆ ಮಠಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಅವು ಆಗಲೇ ಇಲ್ಲವಾಗಿದ್ದವು. ಯುರೋಪಿನ ಬಟ್ಟೆ ಬಂದು ನೇಕಾರರ ಗಳಿಕೆ ಇಳಿದಿತ್ತು. ಎಳೆಯ ಕೈಗಳು ಕೆಲಸಕ್ಕೆ ಬಂದೊಡನೆ ತಾಯಿತಂದೆಗಳು ಮಕ್ಕಳನ್ನು ದುಡಿಮೆಗೆ ಹಚ್ಚುತ್ತಿದ್ದರು. ಅದೇ ವರ್ಷಗಳಲ್ಲಿ ಇಂಗ್ಲೆಂಡಿನ ಬಡಶಾಲೆಗಳು ಈ ಮಠಗಳಿಂದ ಹೋದ ಪದ್ಧತಿಯಿಂದ ನಡೆಯುತ್ತಿದ್ದವು.

ಮುಂದೆ ಕಲ್ಲಿನ ಸ್ಲೇಟು ಬಂದಿತು, ಮರಳೂ ಕಡತವೂ ಹಿಂದೆ ಸರಿದವು. ಸ್ಲೇಟಿನ ಕಡ್ಡಿಗೆ ಮಾತ್ರ ಕನ್ನಡದ ಮಕ್ಕಳು ಹಳೆಯ ಹೆಸರನ್ನೇ ಉಳಿಸಿಕೊಂಡು, ಅದನ್ನು ಬಳಪವೆಂದೇ ಕರೆದರು.