ಟ್ರಾಫಿಕ್ ದಂಡ ತಪ್ಪಿಸುವ ‘ಉಪಾಯ’ಗಳು: ನಿಜವೆಷ್ಟು, ಸುಳ್ಳೆಷ್ಟು?

ಸಂಚಾರ ದಂಡದಿಂದ ಪಾರಾಗುವ ಉಪಾಯಗಳು ವಾಟ್ಸಾಪ್ ಗುಂಪುಗಳಲ್ಲಿ ವರ್ಷಗಳಿಂದ ಸುತ್ತುತ್ತಲೇ ಇವೆ. ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ 2019ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದು ದಂಡ ಹಲವು ಪಟ್ಟು ಏರಿತು. ಆದರೂ ಇಂಥ ಮಾತುಗಳನ್ನು ನಂಬುವವರು ಕಡಿಮೆಯಾಗಿಲ್ಲ. ನಂಬಿದವರು ದಂಡಕ್ಕಿಂತ ದೊಡ್ಡ ತಾಪತ್ರಯಕ್ಕೆ ಸಿಲುಕುವುದೂ ಉಂಟು.

‘ಬೇರೆ ರಾಜ್ಯದ ಗಾಡಿಗೆ ಚಲನ್ ಬರುವುದಿಲ್ಲ’

ಕೆಎ ನೋಂದಣಿಯ ಗಾಡಿಯನ್ನು ಮುಂಬೈ, ಪುಣೆಗಳಲ್ಲಿ ಓಡಿಸುವವರು ಹೀಗೆ ಹೇಳುವುದುಂಟು. ಇದು ಸುಳ್ಳು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಇ-ಚಲನ್ ವ್ಯವಸ್ಥೆಗೆ ದೇಶದ ವಾಹನ ನೋಂದಣಿಯ ‘ವಾಹನ್’ ಮತ್ತು ಚಾಲನಾ ಪರವಾನಗಿಯ ‘ಸಾರಥಿ’ ದಾಖಲೆಗಳು ಜೋಡಣೆಯಾಗಿವೆ. ಆರ್‌ಸಿಯಲ್ಲಿ ಹಳೆಯ ಮೊಬೈಲ್ ನಂಬರ್ ಇದ್ದರೆ ಎಸ್‌ಎಂಎಸ್ ಬರದಿರಬಹುದು, ಚಲನ್ ಮಾತ್ರ ಹಾಗೇ ಉಳಿಯುತ್ತದೆ.

‘ಒಮ್ಮೆ ದಂಡ ಕಟ್ಟಿದರೆ ಆ ದಿನವೆಲ್ಲ ಯಾರೂ ಹಿಡಿಯುವಂತಿಲ್ಲ’

ಕಾಯ್ದೆಯಲ್ಲಿ ಇಂಥ ವಿನಾಯಿತಿ ಇಲ್ಲ. ದಂಡದ ರಸೀದಿ ಆ ದಿನದ ಪಾಸ್ ಅಲ್ಲ. ಬೆಳಿಗ್ಗೆ ಒಂದು ಸಿಗ್ನಲ್, ಸಂಜೆ ಇನ್ನೊಂದು ಸಿಗ್ನಲ್ ಜಂಪ್ ಮಾಡಿದರೆ ಅವು ಎರಡು ಪ್ರತ್ಯೇಕ ಅಪರಾಧಗಳು.

‘ನಂಬರ್ ಪ್ಲೇಟಿಗೆ ಹೇರ್‌ಸ್ಪ್ರೇ, ಕನ್ನಡಿಗೆ ಸಿಡಿ’

ಕ್ಯಾಮೆರಾದ ಬೆಳಕು ಪ್ರತಿಫಲಿಸಿ ನಂಬರ್ ಕಾಣುವುದಿಲ್ಲ ಎಂಬುದು ಇದರ ತರ್ಕ. ಅಮೆರಿಕದ ‘ಮಿಥ್‌ಬಸ್ಟರ್ಸ್’ ಟಿವಿ ಕಾರ್ಯಕ್ರಮ ಹೇರ್‌ಸ್ಪ್ರೇಯಂಥ ಉಪಾಯಗಳನ್ನು ಪರೀಕ್ಷಿಸಿದಾಗ ಅವು ಕೆಲಸ ಮಾಡಲಿಲ್ಲ. ಇನ್ನು ನಂಬರ್ ಮರೆಮಾಡುವುದೇ ಅಪರಾಧ. ಬೇರೆಯವರ ನಂಬರ್ ಹಾಕಿಕೊಂಡರೆ ಕ್ರಿಮಿನಲ್ ಪ್ರಕರಣ ಎದುರಿಸಬೇಕಾದೀತು. ಏನೂ ಅರಿಯದ ಇನ್ನೊಬ್ಬರ ಮನೆಗೆ ನೋಟಿಸ್ ಹೋಗುವುದು ಬೇರೆ.

‘ಸುಮ್ಮನಿದ್ದರೆ ತಾನಾಗಿಯೇ ಮನ್ನಾ ಆಗುತ್ತದೆ’

ಈ ನಂಬಿಕೆಗೆ ಸ್ವಲ್ಪ ಆಧಾರವಿದೆ. ಕರ್ನಾಟಕ ಸರ್ಕಾರ 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಶೇ. 50 ರಿಯಾಯಿತಿ ಕೊಟ್ಟಿತ್ತು. ತೆಲಂಗಾಣದಲ್ಲಿ 2022ರಲ್ಲಿ ದ್ವಿಚಕ್ರ ವಾಹನಗಳಿಗೆ ಶೇ. 75 ರಿಯಾಯಿತಿ ಸಿಕ್ಕಿತ್ತು. ಆದರೆ ಇವು ನಿಗದಿತ ಅವಧಿಯ ಸೌಲಭ್ಯಗಳು, ಹಕ್ಕಲ್ಲ. ಅಂಥ ಅವಕಾಶ ಮತ್ತೆ ಬರುವ ಖಾತರಿ ಇಲ್ಲ. ಅಲ್ಲಿಯವರೆಗೆ ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಬಹುದು, ಗಾಡಿ ಮಾರುವಾಗ ಬಾಕಿ ಚಲನ್ ತಲೆನೋವಾಗಬಹುದು. ಕುಡಿದು ವಾಹನ ಓಡಿಸಿದ ಪ್ರಕರಣವಂತೂ ರಸ್ತೆಯಲ್ಲೇ ಹಣ ಕಟ್ಟಿ ಮುಗಿಸುವಂಥದ್ದಲ್ಲ. ಮೊದಲ ಬಾರಿಗೇ 10,000 ರೂ. ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು.

‘ಈ ಲಿಂಕ್ ಒತ್ತಿದರೆ ದಂಡ ಕಡಿಮೆ’

ಎಲ್ಲಕ್ಕಿಂತ ಅಪಾಯಕಾರಿ ಇದೇ. ಇ-ಚಲನ್ ಹೆಸರಿನಲ್ಲಿ ಎಪಿಕೆ ಫೈಲ್ ಕಳಿಸಿ, ಇನ್‌ಸ್ಟಾಲ್ ಮಾಡಿಕೊಂಡವರ ಬ್ಯಾಂಕ್ ಖಾತೆಗೇ ಕನ್ನ ಹಾಕುವ ವಂಚನೆ ನಡೆಯುತ್ತಿದೆ. ವಾಟ್ಸಾಪ್‌ನಲ್ಲಿ ಬಂದ ಇಂಥ ಫೈಲ್ ತೆರೆಯಬೇಡಿ. ಸರ್ಕಾರದ ಪರಿವಾಹನ್ ಇ-ಚಲನ್ ಜಾಲತಾಣದ ವಿಳಾಸ ‘ಜಿಒವಿ ಡಾಟ್ ಇನ್’ ಎಂದು ಕೊನೆಗೊಳ್ಳುತ್ತದೆ.

ಚಲನ್ ತಪ್ಪಾಗಿದ್ದರೆ ಏನು ಮಾಡಬೇಕು?

ಮೊದಲು ಅಧಿಕೃತ ಜಾಲತಾಣದಲ್ಲಿ ವಾಹನದ ನಂಬರ್ ಹಾಕಿ ಚಲನ್ ವಿವರ ತೆರೆಯಿರಿ. ಕ್ಯಾಮೆರಾ ಚಲನ್ ಆಗಿದ್ದರೆ ಚಿತ್ರ, ಸ್ಥಳ, ಸಮಯ ಪರಿಶೀಲಿಸಿ. ಗಾಡಿ ನಿಮ್ಮದಲ್ಲದಿದ್ದರೆ ಅಲ್ಲೇ ದೂರು ಸಲ್ಲಿಸಬಹುದು ಅಥವಾ ಸಂಚಾರ ಪೊಲೀಸರನ್ನು ಸಂಪರ್ಕಿಸಬಹುದು. ನ್ಯಾಯಾಲಯದಲ್ಲಿ ಪ್ರಶ್ನಿಸುವ ಅವಕಾಶವೂ ಇದೆ. ಆದರೆ ಹಣ ಕಟ್ಟಿದರೆ ತಪ್ಪು ಒಪ್ಪಿಕೊಂಡಂತಾಗುತ್ತದೆ. ಹಾಗಾಗಿ ಆಕ್ಷೇಪವಿದ್ದರೆ ಪಾವತಿಗೆ ಮುನ್ನವೇ ಸಲ್ಲಿಸಿ.